ಒಂದು ಲಕ್ಷ ಇಂಪ್ರೆಶನ್, ಒಂಬತ್ತು ಸೀರೆ: ಜಾಹೀರಾತು ರಿಪೋರ್ಟ್ ಓದುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಇಳಕಲ್‌ನಲ್ಲಿ ಕೈಮಗ್ಗದ ಸೀರೆ ವ್ಯಾಪಾರ. ಈಚೆಗೆ ಸಣ್ಣದೊಂದು ವೆಬ್‌ಸೈಟ್ ಮಾಡಿಸಿದ್ದೇವೆ. ಕಳೆದ ತಿಂಗಳು ಗೂಗಲ್ ಮತ್ತು ಇನ್‌ಸ್ಟಾಗ್ರಾಂ ಎರಡರಲ್ಲೂ ಜಾಹೀರಾತು ಹಾಕಿದೆವು. ಗೂಗಲ್ ರಿಪೋರ್ಟ್‌ನಲ್ಲಿ 1,00,000 ಇಂಪ್ರೆಶನ್ (ಜಾಹೀರಾತು ಬಂದ ಸಲಗಳ ಲೆಕ್ಕ), 414 ಕ್ಲಿಕ್ ಎಂದಿದೆ. ಆದರೆ ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ ಆ ಜಾಹೀರಾತಿನಿಂದ ಬಂದ ಸೆಶನ್ (ಭೇಟಿ) 290 ಮಾತ್ರ. ಇನ್‌ಸ್ಟಾಗ್ರಾಂ 1,150 ಕ್ಲಿಕ್ ತೋರಿಸುತ್ತದೆ. ಗೂಗಲ್ 7 ಆರ್ಡರ್ ತಂದುಕೊಟ್ಟೆ ಎನ್ನುತ್ತದೆ, ಇನ್‌ಸ್ಟಾಗ್ರಾಂ 6 ಎನ್ನುತ್ತದೆ. ವೆಬ್‌ಸೈಟ್‌ನಲ್ಲಿ ಬಂದದ್ದು ಒಟ್ಟು 9 ಸೀರೆಯ ಆರ್ಡರ್. ಸಿಟಿಆರ್ ಬರೀ 0.41% ಇದೆ, ತುಂಬಾ ಕಡಿಮೆ ಎಂದು ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಹೇಳುತ್ತಾನೆ. ಬೇರೆ ಅಂಗಡಿಯವರು ಬೇಕಂತಲೇ ಕ್ಲಿಕ್ ಮಾಡುತ್ತಿದ್ದಾರಾ? ಯಾವ ಲೆಕ್ಕ ನಂಬಬೇಕು? ಒಂದು ಸೀರೆಗೆ ನಮಗೆ ಉಳಿಯುವುದು ಸುಮಾರು 900 ರೂ. ರಿಪೋರ್ಟ್ ಶೀಟ್‌ಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಯಾರೋ ಮೋಸ ಮಾಡುತ್ತಿದ್ದಾರೆ ಎನ್ನುವುದಕ್ಕೆ ನಿಮ್ಮ ಶೀಟ್‌ನಲ್ಲಿ ಏನೂ ಕಾಣಲಿಲ್ಲ. ಅಲ್ಲಿರುವ ಅಂಕಿಗಳೆಲ್ಲ ಅವರವರ ಲೆಕ್ಕದಲ್ಲಿ ಸರಿಯೇ. ತೊಂದರೆ ಇರುವುದು 'ಒಟ್ಟು' ಎಂದು ದಪ್ಪ ಅಕ್ಷರದಲ್ಲಿರುವ ಸಾಲಿನಲ್ಲಿ. ನೀವೂ ಆ ಹುಡುಗನೂ ಅದೊಂದನ್ನೇ ನೋಡಿದ್ದೀರಿ. ಅದನ್ನು ಒಡೆದು ನೋಡಿದರೆ ಬೇರೆಯದೇ ಕಥೆ ಇದೆ.

ಮೊದಲು ಆ 0.41% ವಿಚಾರ. ಸಿಟಿಆರ್ ಎಂದರೆ 100 ಇಂಪ್ರೆಶನ್‌ಗೆ ಎಷ್ಟು ಕ್ಲಿಕ್ ಬಿತ್ತು ಎಂಬ ಲೆಕ್ಕ, ಅಷ್ಟೇ. ನಿಮ್ಮ ಶೀಟ್‌ನಲ್ಲಿ 'ನೆಟ್‌ವರ್ಕ್' ಎಂಬ ಕಾಲಂ ಇದೆ ನೋಡಿ. ಸರ್ಚ್ (ಗೂಗಲ್‌ನಲ್ಲಿ ಹುಡುಕಿದಾಗ ಬರುವ ಜಾಹೀರಾತು) ಎಂಬ ಸಾಲಿನಲ್ಲಿ 2,000 ಇಂಪ್ರೆಶನ್, 120 ಕ್ಲಿಕ್. ಅಂದರೆ 6%. ಡಿಸ್‌ಪ್ಲೇ (ಬೇರೆ ಸೈಟ್, ಆ್ಯಪ್‌ಗಳಲ್ಲಿ ಬರುವ ಜಾಹೀರಾತು) ಎಂಬ ಸಾಲಿನಲ್ಲಿ 98,000 ಇಂಪ್ರೆಶನ್, 294 ಕ್ಲಿಕ್. ಅಂದರೆ 0.3%. ಎರಡನ್ನೂ ಕೂಡಿಸಿ ಭಾಗಿಸಿದ್ದಕ್ಕೆ 0.41% ಬಂತು. ಇದು ಸರ್ಚ್‌ನ ಗುಣವನ್ನೂ ಹೇಳುವುದಿಲ್ಲ, ಡಿಸ್‌ಪ್ಲೇಯ ಗುಣವನ್ನೂ ಹೇಳುವುದಿಲ್ಲ. ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದ್ದೀರಿ ಎಂದು ಮಾತ್ರ ಹೇಳುತ್ತದೆ. ನಾಳೆ ಡಿಸ್‌ಪ್ಲೇ ಇಂಪ್ರೆಶನ್ ಎರಡರಷ್ಟಾದರೆ ಒಟ್ಟು ಸಿಟಿಆರ್ ಇನ್ನೂ ಬೀಳುತ್ತದೆ. ಆದರೆ ಸರ್ಚ್ ಜಾಹೀರಾತು ಇದ್ದ ಹಾಗೇ ಇರುತ್ತದೆ. 'ಸಿಟಿಆರ್ ಬಿತ್ತು' ಎಂದು ಗಾಬರಿಯಾಗಿ ಚೆನ್ನಾಗಿ ಓಡುತ್ತಿರುವ ಜಾಹೀರಾತನ್ನೇ ಬದಲಾಯಿಸುವವರನ್ನು ನಾನು ತುಂಬಾ ನೋಡಿದ್ದೇನೆ.

ನೀವು ಸರ್ಚ್ ಕ್ಯಾಂಪೇನ್ ಮಾತ್ರ ಮಾಡಿದ್ದು ಎಂದುಕೊಂಡಿದ್ದೀರಿ, ಅಲ್ವಾ? ಗೂಗಲ್‌ನಲ್ಲಿ ಸರ್ಚ್ ಕ್ಯಾಂಪೇನ್ ಮಾಡುವಾಗ ಡಿಸ್‌ಪ್ಲೇ ನೆಟ್‌ವರ್ಕನ್ನೂ ಸೇರಿಸುವ ಒಂದು ಟಿಕ್ ಸಾಮಾನ್ಯವಾಗಿ ಮೊದಲೇ ಬಿದ್ದಿರುತ್ತದೆ. ಅದನ್ನು ತೆಗೆಯದೆ 'ಮುಂದೆ' ಒತ್ತಿದರೆ ನಿಮ್ಮ ಜಾಹೀರಾತು ಸುದ್ದಿ ಸೈಟುಗಳು, ಮೊಬೈಲ್ ಆಟಗಳು, ಆ ಆ್ಯಪ್ ಈ ಆ್ಯಪ್ ಎಲ್ಲ ಕಡೆ ಹೋಗುತ್ತದೆ. ನಿಮಗೆ ಆಗಿರುವುದೂ ಅದೇ.

ಸರ್ಚ್‌ನಲ್ಲಿ ಯಾರೋ ಇಳಕಲ್ ಸೀರೆ ಬೇಕು ಎಂದು ಟೈಪ್ ಮಾಡಿದ್ದಾರೆ, ಉತ್ತರಗಳ ನಡುವೆ ನಿಮ್ಮ ಜಾಹೀರಾತು ಬಂದಿದೆ. ಅದು ಒಂದು ಇಂಪ್ರೆಶನ್. ಡಿಸ್‌ಪ್ಲೇನಲ್ಲಿ ಯಾರೋ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದಾರೆ, ಪುಟದ ಪಕ್ಕದಲ್ಲಿ ನಿಮ್ಮ ಸೀರೆಯ ಚಿತ್ರ ಬಂದಿದೆ. ಅದೂ ಒಂದು ಇಂಪ್ರೆಶನ್. ಎರಡಕ್ಕೂ ಒಂದೇ ಹೆಸರು, ಒಂದೇ ಕಾಲಂ. ಆದರೆ ಮೊದಲನೆಯವರು ಸೀರೆ ಹುಡುಕಿಕೊಂಡು ಬಂದವರು. ಎರಡನೆಯವರಿಗೆ ಸೀರೆಯ ಯೋಚನೆಯೇ ಇರಲಿಲ್ಲ.

ಇನ್ನೊಂದು ವಿಷಯ. ಇಂಪ್ರೆಶನ್ ಬಿತ್ತು ಎಂದರೆ ಯಾರಾದರೂ ನೋಡಿದರು ಎಂದಲ್ಲ. ಜಾಹೀರಾತು ಪುಟಕ್ಕೆ ಬಂತು ಎಂದಷ್ಟೇ ಅರ್ಥ. ಓದುಗರು ಕೆಳಗೆ ಸ್ಕ್ರೋಲ್ ಮಾಡದೆ ಹೋದರೂ ಲೆಕ್ಕ ಬಿದ್ದಿರಬಹುದು. ಅದಕ್ಕೇ 'ವ್ಯೂವಬಲ್ ಇಂಪ್ರೆಶನ್' ಎಂಬ ಬೇರೆ ಅಳತೆ ಬಂದಿದೆ. ಅಮೆರಿಕದ ಮೀಡಿಯಾ ರೇಟಿಂಗ್ ಕೌನ್ಸಿಲ್ ಎಂಬ ಸಂಸ್ಥೆಯ ನಿಯಮದಂತೆ, ಡಿಸ್‌ಪ್ಲೇ ಜಾಹೀರಾತಿನ ಅರ್ಧ ಭಾಗವಾದರೂ ಪರದೆಯ ಮೇಲೆ ಒಂದು ಸೆಕೆಂಡ್ ಪೂರ್ತಿ ಇದ್ದರೆ ಅದು ವ್ಯೂವಬಲ್. ವಿಡಿಯೋಗೆ 2 ಸೆಕೆಂಡ್. ಒಂದು ಸೆಕೆಂಡ್‌ನಲ್ಲಿ ಟೋಪ್ ತೆನಿ ಸೆರಗಿನ ಅಂದ ಎಷ್ಟು ಕಂಡೀತು ಎಂದು ನೀವೇ ಯೋಚಿಸಿ. ಗೂಗಲ್ ಆ್ಯಡ್ಸ್‌ನ ಕಾಲಂ ಪಟ್ಟಿಯಲ್ಲಿ ಇದನ್ನು ಸೇರಿಸಿಕೊಳ್ಳಬಹುದು. ಡಿಸ್‌ಪ್ಲೇ ನಡೆಸುವುದಾದರೆ ಬರೀ ಇಂಪ್ರೆಶನ್ ಬದಲು ಅದನ್ನೇ ನೋಡಿ.

ದುಡ್ಡು ಯಾವುದಕ್ಕೆ ಹೋಗುತ್ತದೆ ಎನ್ನುವುದೂ ಮುಖ್ಯ. ವೆಬ್‌ನ ಮೊದಲ ಹೆಸರಾಂತ ಬ್ಯಾನರ್ ಜಾಹೀರಾತುಗಳು 1994ರ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ಎಂಬ ಸೈಟ್‌ನಲ್ಲಿ ಬಂದವು. ಆಗೆಲ್ಲ ಪತ್ರಿಕೆಗಳ ಹಾಗೆ, ಎಷ್ಟು ಸಲ ತೋರಿಸಿದರು ಎಂಬುದರ ಮೇಲೆ ದರ. ಗೂಗಲ್ ಕೂಡ 2000ದಲ್ಲಿ ಆ್ಯಡ್‌ವರ್ಡ್ಸ್ (ಈಗಿನ ಗೂಗಲ್ ಆ್ಯಡ್ಸ್) ಶುರು ಮಾಡಿದಾಗ ಸಾವಿರ ಇಂಪ್ರೆಶನ್‌ಗೆ ಇಷ್ಟು ಎಂದೇ ಹಣ ಪಡೆಯುತ್ತಿತ್ತು. ಕ್ಲಿಕ್ಕಿಗೆ ಹಣ ಎಂಬ ಪದ್ಧತಿಗೆ ಬಂದದ್ದು 2002ರಲ್ಲಿ. ಈಗ ನಿಮ್ಮ ಸರ್ಚ್ ಜಾಹೀರಾತಿನಲ್ಲಿ ಕ್ಲಿಕ್ ಆಗದ 1,880 ಇಂಪ್ರೆಶನ್‌ಗೆ ನೀವು ಒಂದು ಪೈಸೆಯನ್ನೂ ಕೊಟ್ಟಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಹಣ ಹೋಗುವುದು ಇಂಪ್ರೆಶನ್‌ಗೇ. ನಿಮ್ಮ ಶೀಟ್‌ನಲ್ಲಿ 60,000 ಇಂಪ್ರೆಶನ್‌ಗೆ 4,000 ರೂ. ಅಂದರೆ ಸಾವಿರಕ್ಕೆ ಸುಮಾರು 67 ರೂ. ಅಲ್ಲಿ ಯಾರೂ ಕ್ಲಿಕ್ ಮಾಡದಿದ್ದರೂ ದುಡ್ಡು ಖರ್ಚಾಗುತ್ತದೆ.

ಈಗ 414 ಕ್ಲಿಕ್, 290 ಸೆಶನ್. ಉಳಿದ 124 ಎಲ್ಲಿ ಹೋದವು?

ಮೊದಲ ಕಾರಣ, ಇವೆರಡೂ ಎಣಿಸುವುದು ಒಂದನ್ನೇ ಅಲ್ಲ. ಗೂಗಲ್ ಆ್ಯಡ್ಸ್ ಬೆರಳು ಬಿದ್ದ ಕ್ಷಣವನ್ನು ಎಣಿಸುತ್ತದೆ. ಅನಾಲಿಟಿಕ್ಸ್ ನಿಮ್ಮ ಪುಟ ತೆರೆದು, ಅದರೊಳಗಿನ ಕೋಡ್ ಓಡಿದ ಮೇಲೆ ಎಣಿಸುತ್ತದೆ. ಒಬ್ಬರೇ ಹತ್ತು ನಿಮಿಷದಲ್ಲಿ ಎರಡು ಸಲ ಜಾಹೀರಾತು ಒತ್ತಿದರೆ ಗೂಗಲ್ ಆ್ಯಡ್ಸ್‌ನಲ್ಲಿ 2 ಕ್ಲಿಕ್. ಅನಾಲಿಟಿಕ್ಸ್‌ನಲ್ಲಿ ಒಂದೇ ಸೆಶನ್. ಯಾಕೆಂದರೆ 30 ನಿಮಿಷ ಸುಮ್ಮನಿದ್ದ ಮೇಲಷ್ಟೇ ಅದು ಹೊಸ ಸೆಶನ್ ಶುರು ಮಾಡುತ್ತದೆ. ಪುಟ ನಿಧಾನವಾಗಿ ತೆರೆದರೆ ಜನ ಕಾಯದೆ ಹಿಂದೆ ಹೋಗುತ್ತಾರೆ. ಕೆಲವರ ಫೋನಿನಲ್ಲಿ ಆ್ಯಡ್ ಬ್ಲಾಕರ್ ಇರುತ್ತದೆ. ಲಿಂಕ್ ಒಂದು ಪುಟದಿಂದ ಇನ್ನೊಂದಕ್ಕೆ ಜಿಗಿಯುವ ಹಾಗಿದ್ದರೆ ಗೂಗಲ್ ಅಂಟಿಸಿದ ಗುರುತು ದಾರಿಯಲ್ಲೇ ಬಿದ್ದುಹೋಗಬಹುದು. ಆಗ ಆ ಭೇಟಿ 'ಡೈರೆಕ್ಟ್' (ಎಲ್ಲಿಂದ ಬಂದರೋ ಗೊತ್ತಿಲ್ಲದವರು) ಎಂಬ ಸಾಲಿಗೆ ಸೇರುತ್ತದೆ. ಹಾಗಾಗಿ ಎರಡೂ ಅಂಕಿ ತಾಳೆಯಾಗಲೇಬೇಕು ಎಂದು ಕೂರುವುದು ವ್ಯರ್ಥ.

ಆದರೆ ವ್ಯತ್ಯಾಸ ಎಲ್ಲೆಲ್ಲಿ ಎಷ್ಟಿದೆ ಎಂದು ನೋಡುವುದು ವ್ಯರ್ಥವಲ್ಲ. ನಿಮ್ಮ ಶೀಟ್‌ನಲ್ಲಿ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ. ಸರ್ಚ್‌ನ 120 ಕ್ಲಿಕ್ಕಿಗೆ 108 ಸೆಶನ್ ಇವೆ. ಕಳೆದುಹೋದದ್ದು 10%. ಇದು ಸಹಜ. ಡಿಸ್‌ಪ್ಲೇಯ 294 ಕ್ಲಿಕ್ಕಿಗೆ 182 ಸೆಶನ್. ಕಳೆದುಹೋದದ್ದು 38%. ವೆಬ್‌ಸೈಟ್ ಒಂದೇ, ತೆರೆಯುವ ವೇಗ ಒಂದೇ, ಅನಾಲಿಟಿಕ್ಸ್ ಕೋಡ್ ಒಂದೇ. ಆದರೂ ಇಷ್ಟು ಅಂತರ ಇದೆ ಎಂದರೆ ತಪ್ಪು ಸೈಟ್‌ನದಲ್ಲ, ಆ ಕ್ಲಿಕ್‌ಗಳದ್ದು. 'ಜಾಹೀರಾತು ಎಲ್ಲಿ ಕಾಣಿಸಿತು' ಎಂಬ ಪುಟ ತೆರೆದರೆ ಸಾಕ್ಷಿ ಅಲ್ಲೇ ಇದೆ: ಮೇಲಿನ ಸಾಲುಗಳಲ್ಲಿ ಬಹುಪಾಲು ಮೊಬೈಲ್ ಆಟಗಳು. ಆಟದ ಮಧ್ಯೆ ಜಾಹೀರಾತು ಬರುತ್ತದೆ, ಮುಚ್ಚುವ ಗುರುತು ಚಿಕ್ಕದಾಗಿರುತ್ತದೆ, ಬೆರಳು ಪಕ್ಕಕ್ಕೆ ಬೀಳುತ್ತದೆ. ಎಷ್ಟೋ ಸಲ ಆ ಬೆರಳು ಅಮ್ಮನ ಫೋನ್ ಹಿಡಿದ ಮಗುವಿನದು. ನಿಮ್ಮ ಪುಟ ತೆರೆಯುವ ಮೊದಲೇ ಅವರು ಹಿಂದೆ ಹೋಗಿರುತ್ತಾರೆ. ನಿಮಗೆ ಮಾತ್ರ 4 ರೂ. ಖರ್ಚಾಗಿರುತ್ತದೆ.

ಬೇರೆ ಅಂಗಡಿಯವರ ಅನುಮಾನವನ್ನು ಇಲ್ಲೇ ಮುಗಿಸಿಬಿಡೋಣ. ಗೂಗಲ್ ಆ್ಯಡ್ಸ್‌ನಲ್ಲಿ 'ಇನ್‌ವ್ಯಾಲಿಡ್ ಕ್ಲಿಕ್ಸ್' ಎಂಬ ಕಾಲಂ ಇದೆ, ಸೇರಿಸಿಕೊಂಡು ನೋಡಿ. ಒಂದೇ ಕಡೆಯಿಂದ ಪದೇ ಪದೇ ಬರುವ ಕ್ಲಿಕ್, ಯಂತ್ರ ಒತ್ತಿದ ಕ್ಲಿಕ್ ಎಂದು ಗೂಗಲ್‌ಗೆ ಗೊತ್ತಾದವು ಅಲ್ಲಿಗೆ ಹೋಗುತ್ತವೆ. ಅವಕ್ಕೆ ನಿಮ್ಮಿಂದ ಹಣ ತೆಗೆದುಕೊಳ್ಳುವುದಿಲ್ಲ. ತಡವಾಗಿ ಗೊತ್ತಾದರೆ ಆಮೇಲೆ ಖಾತೆಗೆ ಜಮೆ ಮಾಡುತ್ತಾರೆ. ಎಲ್ಲವನ್ನೂ ಹಿಡಿಯುತ್ತಾರೆ ಎಂದು ನಾನು ಹೇಳಲಾರೆ. ಆದರೆ ನಿಮ್ಮ ಸರ್ಚ್ ಕ್ಲಿಕ್‌ಗಳಲ್ಲಿ 10ರಲ್ಲಿ 9 ಸೈಟ್ ತನಕ ಬಂದಿವೆ, ಆರ್ಡರ್ ಕೂಡ ಕೊಟ್ಟಿವೆ. ಬೇಕಂತಲೇ ಹಾಳು ಮಾಡುವವರು ಸೀರೆ ಕೊಳ್ಳುವುದಿಲ್ಲ. ಇನ್ನು ನೀವೇ ದಿನಾ ಗೂಗಲ್ ಮಾಡಿ 'ನಮ್ಮ ಜಾಹೀರಾತು ಬರ್ತಿದೆಯಾ' ಎಂದು ನೋಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಪ್ರತಿ ಸಲವೂ ಇಂಪ್ರೆಶನ್ ಏರುತ್ತದೆ, ಸಿಟಿಆರ್ ಇಳಿಯುತ್ತದೆ. ಅದಕ್ಕೆಂದೇ ಖಾತೆಯ ಒಳಗೆ ಜಾಹೀರಾತು ಪ್ರಿವ್ಯೂ ನೋಡುವ ಸಾಧನ ಇದೆ.

ಇನ್‌ಸ್ಟಾಗ್ರಾಂಗೆ ಬರೋಣ. 1,150 ಕ್ಲಿಕ್ ಎಂದು ನೀವು ಓದಿದ್ದು 'ಕ್ಲಿಕ್ಸ್ (ಆಲ್)' ಎಂಬ ಕಾಲಂ. ಲೈಕ್ ಒತ್ತಿದ್ದು, ಕಾಮೆಂಟ್ ಹಾಕಿದ್ದು, ಶೇರ್ ಮಾಡಿದ್ದು, ನಿಮ್ಮ ಪ್ರೊಫೈಲ್ ಹೆಸರು ಒತ್ತಿದ್ದು, ಚಿತ್ರ ದೊಡ್ಡದು ಮಾಡಿದ್ದು ಎಲ್ಲವೂ ಅದರಲ್ಲಿ ಸೇರಿದೆ. ನಿಮಗೆ ಬೇಕಾದದ್ದು ಅದರ ಪಕ್ಕದ 'ಲಿಂಕ್ ಕ್ಲಿಕ್ಸ್'. ಅಲ್ಲಿ 380 ಇದೆ. ಅದಕ್ಕಿಂತ ಗಟ್ಟಿಯಾದದ್ದು 'ಲ್ಯಾಂಡಿಂಗ್ ಪೇಜ್ ವ್ಯೂಸ್', ಅಂದರೆ ಪುಟ ನಿಜವಾಗಿ ತೆರೆದದ್ದು. ಅಲ್ಲಿ 260. ಇದು ಕಾಣಬೇಕಾದರೆ ಸೈಟ್‌ನಲ್ಲಿ ಮೆಟಾ ಪಿಕ್ಸೆಲ್ (ಇನ್‌ಸ್ಟಾಗ್ರಾಂನ ಕಂಪನಿ ಮೆಟಾ ಕೊಡುವ ಎಣಿಕೆಯ ಕೋಡ್) ಹಾಕಿರಬೇಕು. ನಿಮ್ಮ ಹುಡುಗ ಹಾಕಿದ್ದಾನೆ, ಒಳ್ಳೆ ಕೆಲಸ. ಗೂಗಲ್‌ನ ಕ್ಲಿಕ್ ಜೊತೆ ಹೋಲಿಸಲೇಬೇಕು ಎಂದಿದ್ದರೆ ಹೋಲಿಸಬೇಕಾದದ್ದು 380 ಅನ್ನು, 1,150 ಅನ್ನಲ್ಲ.

ಹಾಗೆಂದು ಉಳಿದ 770 ಕಸ ಅಂತಲ್ಲ. ಸೆರಗು ನೋಡಲು ಚಿತ್ರ ದೊಡ್ಡದು ಮಾಡಿದವರು, 'ರೇಟ್ ಎಷ್ಟು?' ಎಂದು ಕಾಮೆಂಟ್ ಹಾಕಿದವರು ಅದರಲ್ಲಿದ್ದಾರೆ. ನನ್ನ ಲೆಕ್ಕದಲ್ಲಿ ಬೆಲೆ ಕೇಳಿದ ಒಂದು ಕಾಮೆಂಟ್ ಹತ್ತು ಲಿಂಕ್ ಕ್ಲಿಕ್ಕಿಗೆ ಸಮ. ಅವಕ್ಕೆ ಉತ್ತರ ಕೊಡುತ್ತಿದ್ದೀರಾ? ನಿಮ್ಮ ಪುಟದಲ್ಲಿ ಸುಮಾರು ಕಾಮೆಂಟ್‌ಗಳು ಹಾಗೇ ಬಿದ್ದಿದ್ದವು.

ಅದೇ ಶೀಟ್‌ನಲ್ಲಿ ರೀಚ್ 20,000, ಫ್ರೀಕ್ವೆನ್ಸಿ 3 ಎಂದಿದೆ. ಅಂದರೆ 60,000 ಇಂಪ್ರೆಶನ್ 60,000 ಜನರಲ್ಲ. ಸುಮಾರು 20,000 ಖಾತೆಗಳಿಗೆ ಸರಾಸರಿ 3 ಸಲ ತೋರಿಸಿದ್ದು. ಸರಾಸರಿ ಎನ್ನುವುದನ್ನು ಮರೆಯಬೇಡಿ. ಕೆಲವರು ಒಂದೇ ಸಲ ನೋಡಿರುತ್ತಾರೆ, ಕೆಲವರಿಗೆ ಹತ್ತು ಸಲ ಬಂದಿರುತ್ತದೆ. ಒಂದು ತಿಂಗಳಿಗೆ 3 ಏನೂ ಜಾಸ್ತಿ ಅಲ್ಲ.

ಈಗ ಆರ್ಡರ್. ಗೂಗಲ್ 7, ಇನ್‌ಸ್ಟಾಗ್ರಾಂ 6. ಕೂಡಿಸಿದರೆ 13, ಬಂದದ್ದು 9. ಒಂದು ಮದುವೆ ಆದ ಮೇಲೆ ಇಬ್ಬರು ದಲ್ಲಾಳಿಗಳು ಬಂದು 'ಸಂಬಂಧ ಕೂಡಿಸಿದ್ದು ನಾನೇ' ಎಂದ ಹಾಗೆ ಇದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸೋಲಾಪುರದ ಒಬ್ಬರು ಸೋಮವಾರ ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಲಿಂಕ್ ಒತ್ತಿ ಸೀರೆ ನೋಡಿದರು, ಕೊಳ್ಳಲಿಲ್ಲ ಎನ್ನಿ. ಗುರುವಾರ ಗೂಗಲ್‌ನಲ್ಲಿ ಹುಡುಕಿ, ನಿಮ್ಮ ಜಾಹೀರಾತು ಒತ್ತಿ ಕೊಂಡರು. ಇನ್‌ಸ್ಟಾಗ್ರಾಂ ಸಾಮಾನ್ಯವಾಗಿ ಕ್ಲಿಕ್ ಆದ 7 ದಿನದೊಳಗಿನ ಖರೀದಿಯನ್ನು ತನ್ನದು ಎನ್ನುತ್ತದೆ. ಅಷ್ಟೇ ಅಲ್ಲ, ಬರೀ ನೋಡಿ ಒಂದು ದಿನದೊಳಗೆ ಕೊಂಡದ್ದನ್ನೂ ಎಣಿಸುತ್ತದೆ. ಗೂಗಲ್ ಕ್ಲಿಕ್ ಆದ 30 ದಿನದ ತನಕ ಲೆಕ್ಕ ಇಡುತ್ತದೆ. ಒಂದು ಸೀರೆ, ಎರಡು ಕಡೆ ಜಮೆ. ಇದರ ಮೇಲೆ, ಐಫೋನ್‌ನಲ್ಲಿ 2021ರಿಂದ ಟ್ರ್ಯಾಕಿಂಗ್‌ಗೆ ಬಳಕೆದಾರರ ಅನುಮತಿ ಕೇಳಬೇಕು. ಹಾಗಾಗಿ ರಿಪೋರ್ಟ್‌ನ ಕೆಲವು ಖರೀದಿಗಳು ಎಣಿಸಿದವಲ್ಲ, ಅಂದಾಜು ಹಾಕಿದವು.

ಆದ್ದರಿಂದ ಆರ್ಡರ್ ಸಂಖ್ಯೆಗೆ ನಿಮ್ಮ ಸ್ವಂತ ಪುಸ್ತಕವೇ ಪ್ರಮಾಣ. ಎರಡು ಕಂಪನಿಗಳ ಕನ್ವರ್ಶನ್ (ಇಲ್ಲಿ ಆರ್ಡರ್) ಕಾಲಂಗಳನ್ನು ಯಾವತ್ತೂ ಕೂಡಿಸಬೇಡಿ. ಗೂಗಲ್‌ನ ಈ ತಿಂಗಳನ್ನು ಗೂಗಲ್‌ನ ಹೋದ ತಿಂಗಳ ಜೊತೆ ನೋಡಿ, ಇನ್‌ಸ್ಟಾಗ್ರಾಂನದನ್ನು ಅದರದೇ ಹೋದ ತಿಂಗಳ ಜೊತೆ ನೋಡಿ. ಎಷ್ಟೇ ದೊಡ್ಡ ಕಂಪನಿ ಆದರೂ ತನ್ನ ಪರೀಕ್ಷೆಗೆ ತಾನೇ ಅಂಕ ಹಾಕಿಕೊಳ್ಳುವಾಗ ಸ್ವಲ್ಪ ಎಚ್ಚರ ಇರಲಿ. 2016ರಲ್ಲಿ ಫೇಸ್‌ಬುಕ್, ಜನ ವಿಡಿಯೋ ನೋಡುವ ಸರಾಸರಿ ಸಮಯವನ್ನು ತಾನು ಜಾಸ್ತಿ ತೋರಿಸಿದ್ದಾಗಿ ಒಪ್ಪಿಕೊಂಡಿತು. 3 ಸೆಕೆಂಡ್‌ಗಿಂತ ಕಡಿಮೆ ನೋಡಿದವರನ್ನು ಸರಾಸರಿಯಿಂದ ಬಿಟ್ಟಿದ್ದೇ ಕಾರಣ. ಆ ಬಗ್ಗೆ ಜಾಹೀರಾತುದಾರರು ಹೂಡಿದ ದಾವೆ 4 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು.

ನಿಮ್ಮ ಸೈಟ್‌ನಲ್ಲಿ ಹಸಿರು ವಾಟ್ಸಾಪ್ ಗುಂಡಿಯೂ ಇದೆ. ಅದನ್ನು ಒತ್ತಿ ಮಾತಾಡಿ, ಫೋನ್‌ಪೇನಲ್ಲಿ ದುಡ್ಡು ಹಾಕಿ ಸೀರೆ ತರಿಸಿಕೊಂಡವರು ಯಾವ ರಿಪೋರ್ಟ್‌ನಲ್ಲೂ ಬಂದಿಲ್ಲ. ನಮ್ಮ ಕಡೆ ಸೀರೆ ವ್ಯಾಪಾರದಲ್ಲಿ ಇದು ಸಣ್ಣ ಪಾಲೇನಲ್ಲ. ವಾಟ್ಸಾಪ್ ಲಿಂಕ್‌ನಲ್ಲಿ ಮೊದಲೇ ಬರೆದ ಸಂದೇಶ ಇಡಬಹುದು. ಗೂಗಲ್‌ನಿಂದ ಬಂದವರ ಪುಟದಲ್ಲಿ 'ನಮಸ್ಕಾರ, ಸೀರೆ ಬಗ್ಗೆ ಕೇಳಬೇಕಿತ್ತು', ಇನ್‌ಸ್ಟಾಗ್ರಾಂನವರ ಪುಟದಲ್ಲಿ 'ನಮಸ್ಕಾರ, ಚಿತ್ರದಲ್ಲಿರುವ ಸೀರೆ ಬೇಕಿತ್ತು' ಎಂದು ಬೇರೆ ಬೇರೆ ವಾಕ್ಯ ಇಡಿ. ಯಾರು ಎಲ್ಲಿಂದ ಬಂದರು ಎಂದು ಮೊದಲ ಮೆಸೇಜಿನಲ್ಲೇ ಗೊತ್ತಾಗುತ್ತದೆ. ಇದಕ್ಕೆ ಖರ್ಚಿಲ್ಲ.

ಸರ್ಚ್‌ನಲ್ಲಿ ಇನ್ನೊಂದು ಪುಟ ಇದೆ, ವಾರಕ್ಕೊಮ್ಮೆ ಓದಲೇಬೇಕು: 'ಸರ್ಚ್ ಟರ್ಮ್ಸ್'. ಜನ ಏನೇನು ಟೈಪ್ ಮಾಡಿದಾಗ ನಿಮ್ಮ ಜಾಹೀರಾತು ಬಂತು ಎಂಬ ಪಟ್ಟಿ. ಎಲ್ಲವೂ ಕಾಣುವುದಿಲ್ಲ. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ 2020ರಿಂದ ತೋರಿಸುತ್ತಿಲ್ಲ. ಆದರೂ ನಿಮ್ಮ ಪಟ್ಟಿಯಲ್ಲಿ ಇಳಕಲ್ ಗ್ರಾನೈಟ್ ಹುಡುಕಿದವರಿದ್ದಾರೆ, ಇಳಕಲ್ ಬಸ್ ಸಮಯ ಹುಡುಕಿದವರೂ ಇದ್ದಾರೆ! ಊರಿನ ಹೆಸರೇ ಸೀರೆಯ ಹೆಸರೂ ಆಗಿರುವಾಗ ಇದು ಸಹಜ. ಗ್ರಾನೈಟ್, ಬಸ್, ಹವಾಮಾನ, ಪಿನ್ ಕೋಡ್ ಇವನ್ನೆಲ್ಲ 'ನೆಗೆಟಿವ್ ಕೀವರ್ಡ್', ಅಂದರೆ ಜಾಹೀರಾತು ಬೇಡದ ಪದ, ಎಂದು ಸೇರಿಸಿಬಿಡಿ. ಆಮೇಲೆ ಇಂಪ್ರೆಶನ್ ಕಡಿಮೆ ಆಗುತ್ತದೆ. ಆಗಲಿ, ಅದು ಒಳ್ಳೆಯದೇ. ಹಾಗೆಯೇ ಮರಾಠಿಯವರು ಈ ಸೀರೆಯನ್ನು 'ಇರಕಲ್' ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ನಿಮಗೆ ಗಿರಾಕಿಗಳಿದ್ದೂ ಆ ಪದ ನಿಮ್ಮ ಕೀವರ್ಡ್ ಪಟ್ಟಿಯಲ್ಲಿ ಇಲ್ಲ.

ಇಂಪ್ರೆಶನ್ ಶೇರ್ ಎಂಬ ಕಾಲಂನಲ್ಲಿ ನಿಮಗೆ 40% ಇದೆ. ಅಂದರೆ ಬರಬಹುದಾಗಿದ್ದ 100 ಇಂಪ್ರೆಶನ್‌ನಲ್ಲಿ 40 ಬಂದಿವೆ. 35 ತಪ್ಪಿದ್ದು ಬಜೆಟ್ ಸಾಲದೆ, 25 ತಪ್ಪಿದ್ದು ಬೇರೆ ಜಾಹೀರಾತುಗಳ ಎದುರು ರ‍್ಯಾಂಕ್ ಸಾಲದೆ. ಸೀರೆ ಹುಡುಕುತ್ತಿದ್ದವರಿಗೆ ದುಡ್ಡಿಲ್ಲದೆ ಜಾಹೀರಾತು ತೋರಿಸಲಾಗಲಿಲ್ಲ. ಅದೇ ಹೊತ್ತಿನಲ್ಲಿ ಆಟ ಆಡುವವರಿಗೆ 98,000 ಸಲ ತೋರಿಸಿದಿರಿ. ಆ ಡಿಸ್‌ಪ್ಲೇ ಟಿಕ್ ಇವತ್ತೇ ತೆಗೆಯಿರಿ.

ಅಂಕಿಗಳು ಚಿಕ್ಕದಿರುವಾಗ ಒಂದು ಎಚ್ಚರಿಕೆ. 9 ಆರ್ಡರ್ ಮುಂದಿನ ತಿಂಗಳು 5 ಆಗಬಹುದು, 13 ಆಗಬಹುದು, ಯಾವ ಕಾರಣವೂ ಇಲ್ಲದೆ. ಸರಳ ಅಂದಾಜು ಹೀಗೆ: ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 120 ಕ್ಲಿಕ್ಕಿಗೆ ಅದು ಸುಮಾರು 22. ಅಂದರೆ 100ಕ್ಕೆ ಇಳಿದರೂ 140ಕ್ಕೆ ಏರಿದರೂ ಅದರಲ್ಲಿ ಸುದ್ದಿ ಏನಿಲ್ಲ. ಎರಡು ಜಾಹೀರಾತುಗಳಲ್ಲಿ ಒಂದಕ್ಕೆ 7 ಕ್ಲಿಕ್, ಇನ್ನೊಂದಕ್ಕೆ 11 ಬಂತು ಎಂದು ಮೊದಲನೆಯದನ್ನು ನಿಲ್ಲಿಸಿದ್ದೀರಿ. ಅವಸರ ಆಯಿತು. ಕೊನೆಯ ವಾರದ ಆರ್ಡರ್ ಕಡಿಮೆ ಕಾಣುವುದಕ್ಕೂ ಗಾಬರಿ ಬೇಡ. ಗೂಗಲ್ ಆ್ಯಡ್ಸ್ ಖರೀದಿಯನ್ನು ಕ್ಲಿಕ್ ಆದ ದಿನಕ್ಕೆ ಬರೆಯುತ್ತದೆ, ಕೊಂಡ ದಿನಕ್ಕಲ್ಲ. ಮನೆಯಲ್ಲಿ ನಾಲ್ಕು ಜನಕ್ಕೆ ತೋರಿಸಿ ಆಮೇಲೆ ಸೀರೆ ಕೊಳ್ಳುವವರು ಇನ್ನೂ ಬರುತ್ತಿರುತ್ತಾರೆ, ಆ ವಾರದ ಅಂಕಿ ಏರುತ್ತಲೇ ಇರುತ್ತದೆ.

ಕೊನೆಗೆ ದುಡ್ಡು. ಸರ್ಚ್‌ಗೆ 2,160, ಡಿಸ್‌ಪ್ಲೇಗೆ 1,176, ಇನ್‌ಸ್ಟಾಗ್ರಾಂಗೆ 4,000. ಒಟ್ಟು 7,336 ರೂ. 9 ಸೀರೆಗೆ ಹಂಚಿದರೆ ಒಂದಕ್ಕೆ 815. ಉಳಿಯುವುದು 900, ಹಾಗಾದರೆ ಲಾಭ ಎಂದುಕೊಂಡಿದ್ದೀರಿ. ಆದರೆ ರಿಪೋರ್ಟ್‌ನ ಖರ್ಚಿನ ಕಾಲಂನಲ್ಲಿ 18% ಜಿಎಸ್‌ಟಿ ಸೇರಿರುವುದಿಲ್ಲ. ಸೇರಿಸಿದರೆ 8,656 ರೂ., ಸೀರೆಗೆ 962. ಅಂದರೆ ಪ್ರತಿ ಸೀರೆಗೂ 62 ರೂ. ಕೈಯಿಂದ ಹೋಗಿದೆ. ಜಿಎಸ್‌ಟಿ ನೋಂದಣಿ ಇದ್ದು, ಎರಡೂ ಖಾತೆಗಳಲ್ಲಿ ಆ ಸಂಖ್ಯೆ ಕೊಟ್ಟಿದ್ದರೆ ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಪಡೆಯಬಹುದು. ನಿಮ್ಮ ಆಡಿಟರ್‌ಗೆ ಬಿಲ್ ತೋರಿಸಿ. ವಾಟ್ಸಾಪ್‌ನಲ್ಲಿ ಮಾರಿದ ಸೀರೆಗಳನ್ನು ಸೇರಿಸಿದರೂ ಲೆಕ್ಕ ಬದಲಾಗುತ್ತದೆ.

ಗೂಗಲ್ ಹೇಳಿದ 7 ಆರ್ಡರ್‌ನಲ್ಲಿ 6 ಸರ್ಚ್‌ನವು, 1 ಡಿಸ್‌ಪ್ಲೇಯದು. ಆ ಲೆಕ್ಕದಲ್ಲಿ ಸರ್ಚ್‌ನಲ್ಲಿ ಒಂದು ಸೀರೆಗೆ ತೆರಿಗೆ ಸೇರಿ 425 ರೂ. ಆಸುಪಾಸು. ಸ್ವಲ್ಪ ಹೆಚ್ಚೇ ಹೇಳಿಕೊಂಡಿದೆ ಎಂದುಕೊಂಡರೂ 900ರ ಒಳಗೇ ಇರುತ್ತದೆ. ಹಾಗಾಗಿ ಡಿಸ್‌ಪ್ಲೇಯ ಹಣವನ್ನು ಸರ್ಚ್‌ಗೆ ಹಾಕಿ. ಇನ್‌ಸ್ಟಾಗ್ರಾಂ ನಿಲ್ಲಿಸಬೇಡಿ. ಅಷ್ಟೇ ಖರ್ಚಿನಲ್ಲಿ ಇನ್ನೆರಡು ತಿಂಗಳು ನಡೆಸಿ, ಲ್ಯಾಂಡಿಂಗ್ ಪೇಜ್ ವ್ಯೂ ಮತ್ತು ವಾಟ್ಸಾಪ್ ವಿಚಾರಣೆ ಎರಡನ್ನೇ ಗಮನಿಸಿ. ಮುಂದಿನ ಸಲ ಶೀಟ್ ಕಳಿಸುವಾಗ ವಾಟ್ಸಾಪ್ ಆರ್ಡರ್‌ಗಳ ಪಟ್ಟಿಯನ್ನೂ ಜೊತೆಗಿಡಿ, ಇನ್‌ಸ್ಟಾಗ್ರಾಂ ಮುಂದುವರಿಸಬೇಕೋ ಬೇಡವೋ ಆಗ ಹೇಳುತ್ತೇನೆ.